ದೇವಿಯ ಪಾದತಲದಲ್ಲಿ ಮಹಿಷ

ಅಂಧೇರಿಯ ಪಶ್ಚಿಮ ಭಾಗದಲ್ಲಿ, ಬಹುಮಹಡಿ ಕಟ್ಟಡಗಳ ನಡುವೆ, ಸುಮಾರು 61 ಮೀಟರು ಎತ್ತರದ ಕಪ್ಪು ಶಿಲಾಸ್ತಂಭವೊಂದು ನೆಟ್ಟಗೆ ನಿಂತಿದೆ. ಗಿಲ್ಬರ್ಟ್ ಹಿಲ್ ಎಂಬ ಪರಕೀಯ ಹೆಸರನ್ನು ಹೊತ್ತಿರುವ ಈ ಬಂಡೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಶಿಲಾರಸವು ಘನೀಭವಿಸಿ ಆದುದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಲ್ಲಿನಲ್ಲಿ ಕೊರೆದ ಕಡಿದಾದ ಮೆಟ್ಟಿಲುಗಳನ್ನೇರಿ ಮೇಲೆ ಹೋದರೆ ಗಾಂವ್‌ದೇವಿಯ ಮತ್ತು ದುರ್ಗಾಮಾತೆಯ ಸನ್ನಿಧಿ ದೊರೆಯುತ್ತದೆ. ನವರಾತ್ರಿಯ ದಿನಗಳಲ್ಲಿ ಈ ಮೆಟ್ಟಿಲುಗಳನ್ನು ಹತ್ತುವವರಲ್ಲಿ ಮರಾಠಿಗರು, ಗುಜರಾತಿಗಳು, ಕನ್ನಡಿಗರು, ತುಳುವರು ಎಲ್ಲರೂ ಇದ್ದಾರೆ. ನಾಡು ಬೇರೆ, ನುಡಿ ಬೇರೆಯಾದರೂ ಇವರೆಲ್ಲರ ಕಣ್ಣಿನಲ್ಲಿ ನೆಲೆಸಿರುವ ದೇವಿಯ ರೂಪ ಬಹುಮಟ್ಟಿಗೆ ಒಂದೇ. ಮರಾಠಿಗರ ಕುಲದೈವವಾದ ತುಳಜಾಪುರದ ಭವಾನಿಯೂ ಅಷ್ಟಭುಜೆಯಾದ ಮಹಿಷಾಸುರಮರ್ದಿನಿಯೇ ಅಲ್ಲವೆ?

ಈ ರೂಪವನ್ನು ನೋಡುವಾಗ ಭಕ್ತನ ದೃಷ್ಟಿ ಸಹಜವಾಗಿ ದೇವಿಯ ಮುಖದ ಮೇಲೂ ಆಯುಧಗಳ ಮೇಲೂ ನಿಲ್ಲುತ್ತದೆ. ಕೆಳಗೆ ಬಿದ್ದಿರುವವನನ್ನು ಗಮನವಿಟ್ಟು ನೋಡುವವರು ವಿರಳ. ಅವನು ದುಷ್ಟ, ಅವನಿಗೆ ತಕ್ಕ ಶಾಸ್ತಿಯಾಯಿತು ಎಂಬಷ್ಟಕ್ಕೆ ವಿಚಾರವು ಮುಗಿದುಹೋಗುತ್ತದೆ. ಆದರೆ ನಮ್ಮ ಪುರಾಣಕಾರರೂ ಶಿಲ್ಪಿಗಳೂ ಯಕ್ಷಗಾನದ ವೇಷಧಾರಿಗಳೂ ಆ ಬಿದ್ದವನ ಮೇಲೆ ವ್ಯಯಿಸಿರುವ ಶ್ರಮವು ಅಷ್ಟಿಷ್ಟಲ್ಲ. ಅವನನ್ನು ಎಷ್ಟು ಪಶುವನ್ನಾಗಿ, ಎಷ್ಟು ಮನುಷ್ಯನನ್ನಾಗಿ ತೋರಿಸಬೇಕೆಂಬ ಪ್ರಶ್ನೆಗೆ ಅವರು ಶತಮಾನಗಳ ಕಾಲ ಬಗೆಬಗೆಯ ಉತ್ತರಗಳನ್ನು ಕೊಟ್ಟಿದ್ದಾರೆ.

ಮಾರ್ಕಂಡೇಯ ಪುರಾಣದ ಅಂತರ್ಗತವಾದ ದೇವೀಮಾಹಾತ್ಮ್ಯವು 13 ಅಧ್ಯಾಯಗಳ ಗ್ರಂಥ, ಸಪ್ತಶತಿಯೆಂದೇ ಪ್ರಸಿದ್ಧ. ಇದರ ಮಧ್ಯಮಚರಿತದಲ್ಲಿ ಮಹಿಷವಧೆಯ ಪ್ರಸಂಗವು ಬರುತ್ತದೆ. ಯುದ್ಧದಲ್ಲಿ ಮಹಿಷನು ಮೊದಲು ಕೋಣನಾಗಿಯೇ ದೇವಿಯ ಗಣಗಳ ಮೇಲೆರಗುತ್ತಾನೆ. ದೇವಿಯು ಪಾಶದಿಂದ ಬಿಗಿದೊಡನೆ ಸಿಂಹವಾಗುತ್ತಾನೆ; ಸಿಂಹದ ತಲೆ ಕಡಿಯುವಷ್ಟರಲ್ಲಿ ಖಡ್ಗಧಾರಿಯಾದ ಪುರುಷನಾಗುತ್ತಾನೆ; ಆಮೇಲೆ ಆನೆ; ಕೊನೆಗೆ ಪುನಃ ಕೋಣ. ದೇವಿಯು ಮಧುಪಾನವನ್ನು ಮಾಡಿ, ಅವನ ಮೇಲೆ ಹಾರಿ, ಕುತ್ತಿಗೆಯನ್ನು ಕಾಲಿನಿಂದ ಅದುಮಿ, ಶೂಲದಿಂದ ಇರಿಯುತ್ತಾಳೆ. ಆಗ ಆ ಅಸುರನು ತನ್ನ ಬಾಯಿಯಿಂದಲೇ ಅರ್ಧ ಹೊರಗೆ ಬರುತ್ತಾನೆ. ಅರ್ಧ ಮಾತ್ರ! ಹಿಂದಿನ ರೂಪಗಳನ್ನು ಬಟ್ಟೆಯಂತೆ ಕಳಚಿ ಒಗೆದವನಿಗೆ ಈ ಬಾರಿ ಪೂರ್ತಿ ಹೊರಬರುವುದು ಸಾಧ್ಯವಾಗುವುದಿಲ್ಲ. ಅರ್ಧ ಹೊರಬಂದ ಸ್ಥಿತಿಯಲ್ಲಿಯೇ ಹೋರಾಡುತ್ತಾ ಅವನು ದೇವಿಯ ಖಡ್ಗಕ್ಕೆ ತಲೆಯೊಪ್ಪಿಸುತ್ತಾನೆ.

ಸಿಕ್ಕಿಬೀಳುವ ಹೊತ್ತಿಗೆ ರೂಪವನ್ನು ಬದಲಾಯಿಸುವುದು ಮಹಿಷನ ಲಕ್ಷಣ. ಕೋಪವೆಂದು ಗುರುತು ಹಿಡಿದರೆ ಅದು ನ್ಯಾಯನಿಷ್ಠೆಯ ವೇಷವನ್ನು ತೊಡುತ್ತದೆ. ಲೋಭವೆಂದರೆ ಮಕ್ಕಳ ಭವಿಷ್ಯದ ಚಿಂತೆಯೆನ್ನುತ್ತದೆ. ಇಷ್ಟನ್ನು ಪ್ರವಚನಕಾರರು ಹೇಳಿಯೇ ಇದ್ದಾರೆ. ಶಿಲ್ಪಿಗಳು ತೋರಿಸಿದ್ದು ಇದಕ್ಕಿಂತಲೂ ಸೂಕ್ಷ್ಮವಾದದ್ದು.

ಬಾದಾಮಿಯ ಮೊದಲನೆಯ ಗುಹೆಯು 6ನೆಯ ಶತಮಾನದ ನಿರ್ಮಿತಿ. ಅಲ್ಲಿ ಚತುರ್ಭುಜೆಯಾದ ದೇವಿಯು ಕೋಣನ ತಲೆಯನ್ನು ಮೆಟ್ಟಿ, ಬಾಲವನ್ನು ಹಿಡಿದೆತ್ತಿ, ತ್ರಿಶೂಲದಿಂದ ಇರಿಯುತ್ತಿದ್ದಾಳೆ. ಮಹಿಷನು ಇಲ್ಲಿ ಅಡಿಯಿಂದ ಮುಡಿಯವರೆಗೆ ಕೋಣನೇ. ಮನುಷ್ಯನ ಸುಳಿವೂ ಇಲ್ಲ. ಐಹೊಳೆಯ ದುರ್ಗದ ಗುಡಿಯ ಪ್ರದಕ್ಷಿಣಾಪಥದಲ್ಲಿರುವ ಮೂರ್ತಿಯಲ್ಲಿಯೂ ದೇವಿಯ ಕೈಗಳು ಎಂಟಾದರೂ ಮಹಿಷನು ಪಶುರೂಪದಲ್ಲಿಯೇ ಇದ್ದಾನೆ. (ಆ ಗುಡಿಗೆ ದುರ್ಗೆಯಿಂದ ಹೆಸರು ಬಂದುದಲ್ಲ, ದುರ್ಗ ಎಂದರೆ ಕೋಟೆಯಿಂದ ಬಂದುದು ಎಂಬುದನ್ನು ಇಲ್ಲಿ ನೆನೆಯಬಹುದು; ಪ್ರವಾಸಿಗರು ಸಾಮಾನ್ಯವಾಗಿ ತಪ್ಪು ತಿಳಿಯುತ್ತಾರೆ.) ಚಾಲುಕ್ಯರ ಪ್ರತಿಸ್ಪರ್ಧಿಗಳಾದ ಪಲ್ಲವರು 7ನೆಯ ಶತಮಾನದಲ್ಲಿ ಮಾಮಲ್ಲಪುರದ ಬಂಡೆಯಲ್ಲಿ ಕಡೆಸಿದ್ದು ಬೇರೆಯೇ ಚಿತ್ರ. ಅಲ್ಲಿನ ಮಹಿಷನಿಗೆ ತಲೆ ಕೋಣನದು, ಮೈ ವೀರಪುರುಷನದು. ಗದೆಯನ್ನು ಹಿಡಿದು, ಸಿಂಹವಾಹಿನಿಯ ಬಾಣಗಳಿಗೆ ಹಿಂಜರಿಯುತ್ತಾ, ಆದರೂ ಸೋಲೊಪ್ಪದೆ ನಿಂತಿದ್ದಾನೆ. ಅವನು ಇನ್ನೂ ಸತ್ತಿಲ್ಲ. ಯುದ್ಧದ ಫಲಿತಾಂಶವನ್ನು ಶಿಲ್ಪಿಯು ನಮಗೆ ಹೇಳಿಲ್ಲ.

ಹೊಯ್ಸಳರ ಕಾಲಕ್ಕೆ ಬಂದಾಗ, ಕಡಿದ ಕೋಣನ ಮುಂಡದಿಂದ ಮನುಷ್ಯಾಕೃತಿಯು ಹೊರಗೆ ಬರುತ್ತಿರುವ ಭಂಗಿಯು ಶಿಲ್ಪಿಗಳಿಗೆ ಪ್ರಿಯವಾಯಿತು. ಮೃದುವಾದ ಬಳಪದ ಕಲ್ಲಿನಲ್ಲಿ ಅವರು ಆ ಮುಖದ ರೇಖೆಗಳನ್ನು ಕೂದಲೆಳೆಯಷ್ಟು ನಯವಾಗಿ ಬಿಡಿಸಬಲ್ಲವರಾಗಿದ್ದರು. ಬಾದಾಮಿಯಿಂದ ಹಳೇಬೀಡಿನವರೆಗಿನ ಸುಮಾರು ಆರು ಶತಮಾನಗಳಲ್ಲಿ ಕನ್ನಡ ನೆಲದ ಮಹಿಷನು ಹೀಗೆ ಪಶುವಿನೊಳಗಿನಿಂದ ಮನುಷ್ಯನಾಗಿ ಈಚೆಗೆ ಬಂದಿದ್ದಾನೆ. ಎಲ್ಲ ಶಿಲ್ಪಗಳೂ ಕಾಲಾನುಕ್ರಮದಲ್ಲಿ ಇದೇ ದಾರಿಯನ್ನು ಹಿಡಿದವೆಂದಲ್ಲ. ಹಳೆಯ ಮಾದರಿಗಳೂ ಜೊತೆಜೊತೆಗೆ ಉಳಿದವು. ಆದರೂ ಅರ್ಧ ಹೊರಬಂದ ಮುಖವನ್ನು ಒಮ್ಮೆ ಕಂಡವನಿಗೆ ಒಂದು ಸಂದೇಹ ಹುಟ್ಟದಿರದು: ದೇವಿಯ ಶೂಲವು ಕೋಣನನ್ನು ಕೊಂದು ಮನುಷ್ಯನನ್ನು ಬಿಡಿಸುತ್ತಿದೆಯೋ, ಅಥವಾ ಕೋಣನೊಳಗೆ ಅಡಗಿದ್ದ ಮನುಷ್ಯನನ್ನು ಹೊರಗೆಳೆದು ಕೊಲ್ಲುತ್ತಿದೆಯೋ? ಶಿಲೆ ಎರಡಕ್ಕೂ ಎಡೆಗೊಡುತ್ತದೆ.

ದೇವಿಯ ಸ್ವರೂಪದ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಸಕಲ ದೇವತೆಗಳ ತೇಜಸ್ಸು ಒಂದುಗೂಡಿ ಅವಳ ಶರೀರವಾಯಿತೆಂದು ಪುರಾಣವು ಹೇಳುತ್ತದೆ. ಮುಖವು ಶಿವನ ತೇಜಸ್ಸಿನಿಂದ, ಬಾಹುಗಳು ವಿಷ್ಣುವಿನ ತೇಜಸ್ಸಿನಿಂದ. ಆ ಕೇಶರಾಶಿಯೋ ಯಮನ ತೇಜಸ್ಸಿನಿಂದ! ಆಯುಧಗಳೂ ಆಕೆಯವಲ್ಲ, ದೇವತೆಗಳಿತ್ತವು. ವಾಹನವಾದ ಸಿಂಹವನ್ನು ಹಿಮವಂತನು ಕೊಟ್ಟನು. ಚಿತ್ರದಲ್ಲಿ ಮೃಗಗಳು ಎರಡಿವೆ ಎಂಬುದನ್ನು ಮರೆಯಬಾರದು. ಒಂದು ದೇವಿಯ ಆಣತಿಗೆ ಒಳಪಟ್ಟಿದೆ, ಇನ್ನೊಂದು ಒಳಪಟ್ಟಿಲ್ಲ. ಮೃಗತ್ವವೇ ದೋಷವಾಗಿದ್ದರೆ ಸಿಂಹಕ್ಕೆ ಅಲ್ಲಿ ಸ್ಥಾನವಿರುತ್ತಿರಲಿಲ್ಲ.

ಶಿಲ್ಪದಲ್ಲಿ ಮೂಕವಾಗಿದ್ದ ಮಹಿಷನಿಗೆ ಬಾಯಿ ಬಂದುದು ಕರಾವಳಿಯ ಯಕ್ಷಗಾನದಲ್ಲಿ. ಅಲ್ಲಿ ಪಾತ್ರವೆನ್ನುವುದಕ್ಕಿಂತ ವೇಷವೆನ್ನುವುದೇ ರೂಢಿ. ಕಿರೀಟವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಎಂಬ ವಿಂಗಡಣೆಯು ವ್ಯಕ್ತಿಗಳಿಗಿಂತ ಸ್ವಭಾವಗಳ ವಿಂಗಡಣೆ. ಅಭಿಮನ್ಯುವಾಗಲಿ ಬಭ್ರುವಾಹನನಾಗಲಿ ಹೆಜ್ಜೆಯ ಚುರುಕಿನಿಂದಲೇ ಪುಂಡುವೇಷವೆಂದು ತಿಳಿಯುತ್ತದೆ. ಶೂರ್ಪನಖಿ, ತಾಟಕಿಯರು ಹೆಣ್ಣುಬಣ್ಣ. ಪಾಶ್ಚಾತ್ಯ ಮನೋವಿಜ್ಞಾನಿ ಯೂಂಗ್ ಎಂಬಾತನು ಇಪ್ಪತ್ತನೆಯ ಶತಮಾನದಲ್ಲಿ ಮಾನವಕುಲದ ಅಂತರಂಗದಲ್ಲಿ ಮತ್ತೆ ಮತ್ತೆ ಮೂಡುವ ಆದಿಪ್ರತಿಮೆಗಳ ಬಗ್ಗೆ ವಿಸ್ತಾರವಾಗಿ ಬರೆದನು. ಮನುಷ್ಯನು ತನ್ನದೆಂದು ಒಪ್ಪಿಕೊಳ್ಳಲಾರದ ಭಾಗವನ್ನು ನೆರಳೆಂದು ಕರೆದನು. ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಕುಳಿತ ಬಣ್ಣದ ವೇಷಧಾರಿಗೆ ಆ ಗ್ರಂಥಗಳ ಪರಿಚಯವಿರಬೇಕಾದ ಅಗತ್ಯವೇ ಇರಲಿಲ್ಲ. ಅಕ್ಕಿಹಿಟ್ಟು, ಸುಣ್ಣಗಳ ಮಿಶ್ರಣದಿಂದ ಮುಖದ ತುಂಬ ಚಿಟ್ಟಿಯನ್ನು ಇಡುತ್ತಾ, ಹಲವು ತಾಸುಗಳ ಕಾಲ ಅವನು ತನ್ನ ಮುಖವನ್ನು ತಾನೇ ಅಳಿಸಿಕೊಳ್ಳುತ್ತಾನೆ. ಎದ್ದು ನಿಂತಾಗ ಅಲ್ಲಿ ಊರಿನ ಪರಿಚಿತ ಮನುಷ್ಯನಿರುವುದಿಲ್ಲ.

ಶ್ರೀದೇವಿ ಮಹಾತ್ಮೆಯ ಪ್ರಸಂಗವನ್ನು ಕಟೀಲು ದುರ್ಗಾಪರಮೇಶ್ವರಿಯ ಮೇಳಗಳು ಭಕ್ತರ ಹರಕೆಯ ಆಟವಾಗಿ ಆಡುತ್ತಾ ಬಂದಿವೆ. ಇರುಳು ಏರಿದ ಹೊತ್ತಿನಲ್ಲಿ ಮಹಿಷಾಸುರನ ಪ್ರವೇಶ. ಅವನು ಇತರ ವೇಷಗಳಂತೆ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಪ್ರೇಕ್ಷಕರ ಹಿಂಭಾಗದ ಕತ್ತಲೆಯಿಂದ, ಉರಿಯುವ ದೊಂದಿಗಳ ನಡುವೆ, ರಾಳದ ಬೆಂಕಿ ಭುಗಿಲೇಳುತ್ತಿರಲು, ಅಬ್ಬರಿಸುತ್ತಾ ಜನರ ಮಧ್ಯದಲ್ಲಿಯೇ ಹಾದುಬರುತ್ತಾನೆ. ಚೆಂಡೆಯ ಪೆಟ್ಟಿಗೆ ನಿದ್ದೆಯಿಂದೆದ್ದ ಮಕ್ಕಳು ತಾಯಂದಿರ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತಾರೆ. ದೇವಿಯು ರಂಗಸ್ಥಳದಲ್ಲಿ ಪ್ರತ್ಯಕ್ಷಳಾಗುತ್ತಾಳೆ, ಮಹಿಷನಾದರೋ ಸಭೆಯ ನಡುವಿನಿಂದ ಎದ್ದು ಬರುತ್ತಾನೆ. ಈ ರಂಗಕ್ರಮವನ್ನು ಮೊದಲು ರೂಪಿಸಿದವರು ಯಾರೇ ಆಗಿರಲಿ, ಅಸುರನು ಎಲ್ಲಿಂದ ಬರುತ್ತಾನೆಂಬುದನ್ನು ಅವರು ಬಲ್ಲವರಾಗಿದ್ದರು. ಮುಂಬಯಿಯ ಸಭಾಗೃಹಗಳಲ್ಲಿ, ಕಾಲಮಿತಿಯ ಪ್ರದರ್ಶನಗಳಲ್ಲಿ, ದೊಂದಿಗೂ ರಾಳಕ್ಕೂ ಅವಕಾಶ ದುರ್ಲಭ. ಆದರೂ ಕುರ್ಚಿಗಳ ನಡುವಣ ದಾರಿಯಲ್ಲಿ ಆ ಕೋಡುಗಳು ತೂಗುತ್ತಾ ಬರುವಾಗ, ಊರನ್ನು ಬಿಟ್ಟು ಹತ್ತಾರು ವರ್ಷಗಳಾದವರ ಮೈಯೂ ನವಿರೇಳುತ್ತದೆ.

ಅಷ್ಟು ಅಬ್ಬರದಿಂದ ಬಂದ ಆ ಮಹಿಷನೇ ತಾಯಿ ಮಾಲಿನಿಯ ಮುಂದೆ ಬರಿಯ ಮಗನಾಗಿ ನಿಲ್ಲುತ್ತಾನೆ. ಪ್ರಸಂಗದ ಅತ್ಯಂತ ಗಹನವಾದ ಸನ್ನಿವೇಶಗಳಲ್ಲಿ ಇದೂ ಒಂದು. ಮುಖದ ತುಂಬ ಚಿಟ್ಟಿ, ನೆತ್ತಿಯ ಮೇಲೆ ಕೋಡು, ಮಾತಿನಲ್ಲಿ ಮಾತ್ರ ಮಗನ ಮಮತೆ. ಸಮರ್ಥ ಅರ್ಥಧಾರಿಯು ಇಲ್ಲಿ ಕೆಲವು ಕ್ಷಣಗಳ ಮಟ್ಟಿಗೆ ಪ್ರೇಕ್ಷಕರ ಅನುಕಂಪವನ್ನು ಗಳಿಸಿಬಿಡುತ್ತಾನೆ. ದೇವೀಭಾಗವತವು ಹೇಳುವ ಜನ್ಮವೃತ್ತಾಂತವು ಬೇರೆಯಾದರೂ ಅಷ್ಟೇ ಕರುಣಾಜನಕ. ಅಲ್ಲಿ ರಂಭನೆಂಬ ದಾನವನು ಎಮ್ಮೆಯೊಂದರಲ್ಲಿ ಅನುರಕ್ತನಾಗುತ್ತಾನೆ. ಇನ್ನೊಂದು ಕೋಣವು ಅವನನ್ನು ಇರಿದು ಕೊಲ್ಲುತ್ತದೆ. ಗರ್ಭಿಣಿಯಾದ ಎಮ್ಮೆಯು ಅವನ ಚಿತೆಯನ್ನು ಏರುತ್ತದೆ. ಆ ಬೆಂಕಿಯಿಂದಲೇ ಮಹಿಷನ ಉದ್ಭವ. ಕಾಲಿಕಾಪುರಾಣವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಹಿಷನು ತನ್ನ ಮರಣವನ್ನು ಮುಂದಾಗಿಯೇ ಕಂಡು ದೇವಿಯನ್ನು ಪ್ರಾರ್ಥಿಸಿದನೆಂದೂ, ಅವನು ಅವಳ ಪಾದವನ್ನು ಎಂದಿಗೂ ಅಗಲದೆ, ಅವಳಿಗೆ ಪೂಜೆ ಸಲ್ಲುವಲ್ಲೆಲ್ಲ ತಾನೂ ಪೂಜಿತನಾಗುವಂತೆ ವರವನ್ನು ಪಡೆದನೆಂದೂ ಹೇಳುತ್ತದೆ. ದುರ್ಗೆಗೆ ಹೂವೇರಿಸುವ ಕೈ ತಿಳಿದೋ ತಿಳಿಯದೆಯೋ ಮಹಿಷನಿಗೂ ಒಂದು ಎಸಳನ್ನು ಸಲ್ಲಿಸುತ್ತಿದೆ.

ಸಂಕೇತವನ್ನು ಸಂಕೇತವೆಂದು ತಿಳಿಯದಿದ್ದರೆ ಆಗುವ ಅನರ್ಥವು ಸಣ್ಣದಲ್ಲ. ಮಹಿಷನೆಂದರೆ ಕೊಟ್ಟಿಗೆಯ ಕೋಣನೇ ಎಂದು ಭಾವಿಸಿದ ಕಡೆಗಳಲ್ಲಿ ಆ ನಿರಪರಾಧಿ ಪ್ರಾಣಿಯ ಕೊರಳಿಗೆ ಕತ್ತಿ ಬಿದ್ದಿತು. ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿಯೂ ಕೋಣನ ಬಲಿಯಿತ್ತು. 1934ರಲ್ಲಿ ಗಾಂಧೀಜಿಯವರು ಶಿರಸಿಗೆ ಭೇಟಿಯಿತ್ತ ಕಾಲದಲ್ಲಿ ಊರಿನ ಹಿರಿಯರು ಅದನ್ನು ನಿಲ್ಲಿಸಿದರು. ಜಾತ್ರೆಯ ವೈಭವವು ಅದರಿಂದ ಕುಂದಲಿಲ್ಲ. ಆಯುಧಪೂಜೆಯ ದಿನ ಅಂಧೇರಿಯ ಹೋಟೆಲುಗಳ, ಅಂಗಡಿಗಳ ಬಾಗಿಲಲ್ಲಿ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯುವವರು ಬಲಿಯ ಜಾಗದಲ್ಲಿ ಬಂದ ಸಂಕೇತವನ್ನೇ ಆಚರಿಸುತ್ತಿರುತ್ತಾರೆ.

ಇದಕ್ಕಿಂತಲೂ ಹೆಚ್ಚಿನ ಅನರ್ಥವೆಂದರೆ ಮನುಷ್ಯರಲ್ಲಿಯೇ ಕೆಲವರನ್ನು ಮಹಿಷರೆಂದು ಬೊಟ್ಟುಮಾಡುವುದು. ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ಪ್ರಸಿದ್ಧವಾದ ಮಹಿಷಾಸುರನ ಪ್ರತಿಮೆಯಿದೆ. ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಸರ್ಪ, ಹುರಿಮೀಸೆ, ಕೋಣನ ಮುಖವಿಲ್ಲ. ಅವನ ಕಾಲಬುಡದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಯಾತ್ರಿಕರು ಅವನನ್ನು ಊರಿನ ಹೆಸರಿನ ಮೂಲಪುರುಷನೆಂದೇ ಬಗೆಯುತ್ತಾರೆ. ಪೂರ್ಣ ಮನುಷ್ಯನಾಗಿ ನಿಂತ ಆ ಅಸುರನನ್ನು ನೋಡಿದಾಗ ಒಂದು ತೊಡಕು ಉಂಟಾಗುತ್ತದೆ: ಬಣ್ಣವೂ ಕೋಡೂ ಇಲ್ಲದಿದ್ದರೆ ಅಸುರನನ್ನು ಗುರುತಿಸುವುದು ಹೇಗೆ? ಬೇರೆ ಭಾಷೆಯವನು, ಬೇರೆ ಜಾತಿಯವನು, ಬೇರೆ ನಂಬಿಕೆಯವನು ಎಂಬ ಗುರುತುಗಳನ್ನು ದೇವೀಮಾಹಾತ್ಮ್ಯವು ಎಲ್ಲಿಯೂ ಕೊಟ್ಟಿಲ್ಲ. ನಾನಾ ಜನರು ಒಂದೇ ಗೋಡೆಯನ್ನು ಹಂಚಿಕೊಂಡು ಬಾಳಬೇಕಾದ ಅಂಧೇರಿಯಂಥ ಊರಿನಲ್ಲಿ ಇದು ಕೇವಲ ಪುರಾಣದ ಜಿಜ್ಞಾಸೆಯಲ್ಲ. ಅಂಧೇರಿ ಪೂರ್ವದ ಮಹಾಕಾಲಿ ಗುಹೆಗಳು ಮೂಲತಃ ಬೌದ್ಧ ಭಿಕ್ಷುಗಳ ವಿಹಾರಗಳು. ದೇವಿಯ ಹೆಸರು ಆಮೇಲೆ ಬಂದು ಸೇರಿತು. ಹೆಸರು ದೇವಿಯದಾದರೂ ಒಳಗಿನ ಸ್ತೂಪ ಹಾಗೆಯೇ ಇದೆ.

ಕನ್ನಡದಲ್ಲಿ ಈ ಕಥೆಯನ್ನು ಮನೆಮನೆಗೆ ತಲುಪಿಸಿದವರು ಚಿದಾನಂದಾವಧೂತರು. ಭಾಮಿನಿ ಷಟ್ಪದಿಯಲ್ಲಿ ಅವರು ರಚಿಸಿದ ಶ್ರೀದೇವಿ ಮಹಾತ್ಮೆಯನ್ನು ಉತ್ತರ ಕರ್ನಾಟಕದ ಊರುಗಳಲ್ಲಿ ನವರಾತ್ರಿಯ ಪುರಾಣವಾಗಿ ಓದಿಸುತ್ತಾರೆ. ಹಾಡಿನ ಧಾಟಿಯಲ್ಲಿ ಮೈಮರೆತ ಶ್ರೋತೃಗಳು ಯುದ್ಧದ ಭಾಗಕ್ಕೆ ಕಿವಿಗೊಡುವಷ್ಟು ಆರಂಭದ ಕಥೆಗೆ ಕಿವಿಗೊಡುವುದಿಲ್ಲವೆಂಬುದು ನಿಜ. ಆದರೆ ಮಹಿಷನ ಕಥೆಯನ್ನು ಕೇಳುತ್ತಿದ್ದವರು ಯಾರು ಎಂಬುದು ತಿಳಿಯದೆ ಆ ಕಥೆ ಪೂರ್ತಿಯಾಗದು. ಕೇಳಿದವರು ಇಬ್ಬರು. ಒಬ್ಬನು ಸುರಥ, ಶತ್ರುಗಳಿಗೂ ಸ್ವಂತ ಮಂತ್ರಿಗಳಿಗೂ ರಾಜ್ಯವನ್ನು ಕಳೆದುಕೊಂಡು ಬೇಟೆಯ ನೆಪದಲ್ಲಿ ಕಾಡಿಗೆ ಬಂದ ದೊರೆ. ಇನ್ನೊಬ್ಬನು ಸಮಾಧಿಯೆಂಬ ವೈಶ್ಯ, ಧನಕ್ಕಾಗಿ ಹೆಂಡತಿ ಮಕ್ಕಳೇ ಹೊರಗೆ ಹಾಕಿದವನು. ಸುಮೇಧ ಋಷಿಯ ಆಶ್ರಮದಲ್ಲಿ ಇಬ್ಬರಿಗೂ ಒಂದೇ ಕೊರಗು. ತನ್ನ ಆನೆಗೆ ಈಗ ಮೇವು ಹಾಕುವವರಾರು ಎಂದು ಅವನು ಚಿಂತಿಸುತ್ತಾನೆ. ತನ್ನನ್ನು ತಳ್ಳಿದ ಮಕ್ಕಳು ಕ್ಷೇಮವಾಗಿರುವರೆ ಎಂದು ಇವನು. ಬಿಟ್ಟುಬಂದ ಮನೆಯ ಮೇಲಿನ ಈ ಮಮತೆಯು ತಪ್ಪೆಂದು ಗೊತ್ತಿದ್ದೂ ಏಕೆ ಬಿಡದೆಂದು ಅವರು ಋಷಿಯನ್ನು ಕೇಳುತ್ತಾರೆ. ಮಧುಕೈಟಭರು, ಮಹಿಷ, ಶುಂಭನಿಶುಂಭರ ಕಥೆಗಳೆಲ್ಲ ಆ ಒಂದು ಪ್ರಶ್ನೆಗೆ ಬಂದ ಉತ್ತರ.

ಕಥೆಯನ್ನು ಕೇಳಿ ಮುಗಿಸಿದ ಇಬ್ಬರೂ ನದಿಯ ತೀರದಲ್ಲಿ ಮಣ್ಣಿನಿಂದ ದೇವಿಯ ಮೂರ್ತಿಯನ್ನು ಮಾಡಿ ಮೂರು ವರ್ಷ ಆರಾಧಿಸಿದರು. ಪ್ರಸನ್ನಳಾದ ದೇವಿಯು ವರವನ್ನು ಕೇಳಿರೆಂದಳು. ಸುರಥನು ಕಳೆದುಹೋದ ರಾಜ್ಯವನ್ನು ಕೇಳಿದನು. ವೈಶ್ಯನು ನಾನು ನನ್ನದೆಂಬ ಮೋಹವನ್ನು ಬಿಡಿಸುವ ಜ್ಞಾನವನ್ನು ಕೇಳಿದನು. ಒಬ್ಬನು ಮನೆಗೆ ಮರಳಬಯಸಿದನು, ಇನ್ನೊಬ್ಬನು ಮರಳಬಯಸಲಿಲ್ಲ. ದೇವಿಯು ಇಬ್ಬರನ್ನೂ ಹಳಿಯದೆ, ಕೇಳಿದ್ದನ್ನು ಕೇಳಿದವನಿಗೆ ಕೊಟ್ಟು ಅಂತರ್ಧಾನಳಾದಳು.