ಇನ್ನೊಂದು ವರ್ಷ, ಒಂದಿಷ್ಟು ಗೊಬ್ಬರ

ಓದಿಕೊಳ್ಳಿ: ಲೂಕ 13:6-9

ಮೂರು ವರ್ಷ ಕಾದರೂ ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕು ಎನ್ನುತ್ತಾನೆ ಯಜಮಾನ. ತೋಟಗಾರನು ಇನ್ನೊಂದು ವರ್ಷದ ಗಡುವು ಬೇಡುತ್ತಾನೆ. ಬೇಡಿ ಸುಮ್ಮನಾಗುವುದಿಲ್ಲ; ಬುಡ ಅಗೆದು ಗೊಬ್ಬರ ಹಾಕುವ ಹೊಣೆಯನ್ನೂ ತಾನೇ ಹೊರುತ್ತಾನೆ. ತಪಸ್ಸುಕಾಲದಲ್ಲಿ ಈ ಸಾಮತಿಯನ್ನು ಕೇಳುವಾಗ ದೇವರ ತಾಳ್ಮೆಯನ್ನು ನೆನೆಯುತ್ತೇವೆ. ಗೊಬ್ಬರದ ಮಾತನ್ನು ಮಾತ್ರ ದಾಟಿಬಿಡುತ್ತೇವೆ. ಆದರೆ ಆ ತೋಟಗಾರನ ಕರುಣೆಗೆ ಕೈಗಳಿದ್ದವು. ಆ ಕೈಗಳಿಗೆ ಮಣ್ಣು ಮೆತ್ತಿತ್ತು.

ನಮ್ಮ ಕಸ ಎಲ್ಲಿಗೆ ಹೋಗುತ್ತದೆ?

ಶೆಟ್ಟಿಹಳ್ಳಿಯಲ್ಲಿರುವ ನಮಗೆ ಯಲಹಂಕದ ಬಳಿಯ ಮಾವಳ್ಳಿಪುರ ಬಹಳ ದೂರವಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಅಲ್ಲಿಗೆ ಸುರಿಯಲಾಯಿತು. ದುರ್ನಾತ, ಕೆಟ್ಟ ನೀರು ಸಹಿಸಲಾರದೆ ಹಳ್ಳಿಯವರು ಹೋರಾಡಿದರು. 2012ರಲ್ಲಿ ಕಸ ಸುರಿಯುವುದು ನಿಂತಿತು. ಬಳಿಕ ಮಂಡೂರಿನ ಜನರೂ ಅದೇ ಹೋರಾಟ ಮಾಡಬೇಕಾಯಿತು. ನಾವು ಬಾಗಿಲಾಚೆ ಇಟ್ಟ ಕಸ ಇನ್ನೊಬ್ಬರ ಬಾಗಿಲಿಗೆ ಬಂದು ನಿಂತಿತ್ತು. ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಬೇಕೆಂದು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬೋಧಿಸಿದ್ದು ಇದನ್ನೇ. ಹಸಿ ಕಸ ಮನೆಯಲ್ಲೇ ಗೊಬ್ಬರವಾದರೆ, ಉಳಿದ ಕಸವನ್ನು ಬೇರ್ಪಡಿಸುವ ಪೌರಕಾರ್ಮಿಕರ ಕೈಗೂ ಕೊಳೆತದ್ದು ತಾಗುವುದಿಲ್ಲ.

ಇದು ನಮಗೆ ಹೊಸ ವಿದ್ಯೆಯಲ್ಲ. ಹಿರಿಯರ ಹಿತ್ತಲಲ್ಲಿ ತಿಪ್ಪೆಗುಂಡಿ ಇರುತ್ತಿತ್ತು. ಕಸವನ್ನು ಪದರ ಪದರವಾಗಿ ಗುಂಡಿಗೆ ತುಂಬಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಮಾಗಲು ಬಿಡುವ ಪದ್ಧತಿಯೊಂದು 1939ರಲ್ಲಿ ಇಲ್ಲಿ ರೂಪುಗೊಂಡು ‘ಬೆಂಗಳೂರು ವಿಧಾನ’ ಎಂದೇ ಹೆಸರಾಯಿತು. ಚಿಕ್ಕ ನಿವೇಶನಕ್ಕೆ ಗಾಳಿಯಾಡುವ ತೊಟ್ಟಿಗಳೇ ಅನುಕೂಲ.

ಮೂರು ತೊಟ್ಟಿಗಳ ಏರ್ಪಾಡು

1. ಹಿತ್ತಲಲ್ಲಿ ಜಾಗವಿದ್ದರೆ ಗಾರೆಯಿಲ್ಲದೆ, ನಡುನಡುವೆ ಸಂದು ಬಿಟ್ಟು ಇಟ್ಟಿಗೆ ಜೋಡಿಸಿ. ಮೂರು ಅಡಿ ಉದ್ದ, ಅಗಲ, ಎತ್ತರ ಸಾಕು. ಜಾಗವಿಲ್ಲದವರು ಪೇಂಟಿನ ಹಳೆಯ ಬಕೆಟ್ಟುಗಳನ್ನು ತೊಳೆದು, ಪಕ್ಕಕ್ಕೂ ತಳಕ್ಕೂ ತೂತು ಕೊರೆದು, ಇಟ್ಟಿಗೆಯ ಮೇಲಿಡಲಿ. ನೆರಳಿರಲಿ, ಮಳೆ ಬೀಳದಂತೆ ಮುಚ್ಚಳವಿರಲಿ.

2. ಒಂದು ತೊಟ್ಟಿ ದಿನವೂ ತುಂಬಲು, ಎರಡನೆಯದು ತುಂಬಿದ್ದು ಮಾಗಲು, ಮೂರನೆಯದು ಒಣ ತರಗೆಲೆ, ತೆಂಗಿನ ನಾರಿನ ಪುಡಿ ಕೂಡಿಡಲು. ಈ ಮೂರನೆಯದನ್ನು ಮರೆತವರ ತೊಟ್ಟಿಯೇ ನಾರುವುದು.

3. ತಳಕ್ಕೆ ಒಣ ಎಲೆ ಹಾಸಿ. ಒಂದು ಪಾತ್ರೆ ತರಕಾರಿ ಸಿಪ್ಪೆಗೆ ಒಂದೆರಡು ಪಾತ್ರೆ ಒಣ ಎಲೆ ಹಾಕಿ. ಮೊದಲ ಬಾರಿಗೆ ಒಂದಿಷ್ಟು ಸಗಣಿ ಬಗ್ಗಡ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ಮಾಂಸ, ಮೀನು, ಮೂಳೆ, ಎಣ್ಣೆಯ ಪದಾರ್ಥ ಬೇಡ. ಇಲಿ, ನಾಯಿಗಳು ಬರುತ್ತವೆ.

4. ವಾರಕ್ಕೊಮ್ಮೆ ತಿರುವಿಹಾಕಿ. ಹಿಡಿಯಲ್ಲಿ ಹಿಂಡಿದರೆ ಒದ್ದೆ ತಾಗಬೇಕು, ನೀರು ಸುರಿಯಬಾರದು. ನಾತ ಬಂದರೆ ಒಣ ಎಲೆ ಸೇರಿಸಿ. ಇರುವೆ ಹತ್ತಿದರೆ ನೀರು ಚಿಮುಕಿಸಿ. ಬಿಸಿ ಏರಿದರೆ ಗಾಬರಿ ಬೇಡ, ಜೀವಾಣುಗಳು ದುಡಿಯುತ್ತಿವೆ. ಸುಮಾರು ಮೂರು ತಿಂಗಳಲ್ಲಿ, ಚಳಿಯಲ್ಲಿ ತುಸು ತಡವಾಗಿ, ಹೊಸಮಳೆಯ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ದೇವಾಲಯದಲ್ಲೂ ಆಗಬಹುದು. ಪೀಠದಲ್ಲಿ ಬಾಡಿದ ಹೂ, ಮೃತರ ಸ್ಮರಣೆಯ ದಿನ ಸಮಾಧಿಗಳ ಮೇಲಿಟ್ಟ ಹಾರಗಳನ್ನು ದಾರ, ಪ್ಲಾಸ್ಟಿಕ್ ಬಿಡಿಸಿ ಗೊಬ್ಬರ ಮಾಡಬಹುದು. ಆಶೀರ್ವದಿಸಿದ ಗರಿಗಳನ್ನು ಮಾತ್ರ ಸೇರಿಸದೆ, ವಿಭೂತಿ ಬುಧವಾರದ ಬೂದಿಗೆಂದು ದೇವಾಲಯಕ್ಕೇ ಹಿಂತಿರುಗಿಸೋಣ.

ಅಂದು ಹಣೆಗೆ ಹಚ್ಚುವ ಬೂದಿ ನಾವು ಮಣ್ಣೆಂದು ನೆನಪಿಸುತ್ತದೆ. ಮಣ್ಣಾಗುವುದು ಕೊನೆಯಲ್ಲ, ಫಲಕ್ಕೆ ಬುಡವಾಗಬಲ್ಲದು ಎಂಬುದನ್ನು ಹಿತ್ತಲ ತೊಟ್ಟಿ ಮಕ್ಕಳಿಗೂ ತೋರಿಸುತ್ತದೆ.

ಮನೆಮಂದಿ ಕೂಡಿ ಚಿಂತಿಸಿ

• ನಮ್ಮ ಮನೆಯ ಕಸದಿಂದ ಕಷ್ಟಪಡುವವರು ಯಾರು?
• ನಮ್ಮ ಕುಟುಂಬದಲ್ಲಿ ‘ಇವರಿಂದ ಫಲವಿಲ್ಲ’ ಎಂದು ಯಾರನ್ನಾದರೂ ಕೈಬಿಟ್ಟಿದ್ದೇವೆಯೇ? ಅವರಿಗಾಗಿ ಇನ್ನೊಂದು ವರ್ಷ ಬೇಡುವವರು ಯಾರು, ಬುಡ ಅಗೆಯುವವರು ಯಾರು?

ಈ ವಾರದ ಸಂಕಲ್ಪ: ಜಪಸರ ಮುಗಿದ ಮೇಲೆ ಮನೆಯವರೆಲ್ಲ ಸೇರಿ ತೊಟ್ಟಿಗೆ ಜಾಗ ಗೊತ್ತುಮಾಡಿ. ತಿರುವಿಹಾಕುವ ಸರದಿಯಲ್ಲಿ ತಂದೆಯವರ ಹೆಸರೂ ಇರಲಿ.