ಹೋಟೆಲ್ ಓದಿಗೆ ಹೊರದೇಶ: ಹೊರಡುವ ಮುನ್ನ

2024ರಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 3.68 ಕೋಟಿ. ಇಷ್ಟು ಜನರನ್ನು ಸತ್ಕರಿಸಲು ಭಾಷೆ, ವ್ಯವಹಾರ ಎರಡೂ ಬಲ್ಲವರು ಬೇಕು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಹೊರದೇಶಕ್ಕೆ ಹೊರಟ ಜಪಾನಿ ವಿದ್ಯಾರ್ಥಿಯ ಲೆಕ್ಕಾಚಾರ ತಪ್ಪಲ್ಲ.

ಉದಾಹರಣೆಗೆ, ಯೊಶಿಹರು ಹೊಶಿನೊ ಅಮೆರಿಕದ ಕಾರ್ನೆಲ್‌ನಲ್ಲಿ ಓದಿ, 1991ರಲ್ಲಿ ಜಪಾನಿನ ಕರುಯಿಜಾವಾದಲ್ಲಿದ್ದ ಮನೆತನದ ಹೋಟೆಲ್ ಉದ್ಯಮದ ಹೊಣೆ ಹೊತ್ತರು. ಅದೇ ಉದ್ಯಮ ಇಂದು ಹೊಶಿನೊ ರಿಸಾರ್ಟ್ಸ್ ಎಂಬ ಹೆಸರಿನಲ್ಲಿ ದೇಶದಾಚೆಗೂ ಹಬ್ಬಿದೆ.

ಕಾಲೇಜು ಆರಿಸುವಾಗ ಹೆಸರಿನ ಜೊತೆಗೆ ಇಂಟರ್ನ್‌ಶಿಪ್ ಎಷ್ಟಿದೆ ಎಂದೂ ನೋಡಬೇಕು. 1893ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಲೋಸಾನ್ ಹೋಟೆಲ್ ಶಾಲೆಯಲ್ಲೂ ಅಡುಗೆಮನೆಯಲ್ಲಿ ಕೈಕೆಸರು ಮಾಡಿಕೊಳ್ಳದೆ ಪದವಿಯಿಲ್ಲ.

ಕ್ಯಾಲೆಂಡರ್ ಮೇಲೂ ಕಣ್ಣಿರಲಿ. ಜಪಾನಿನಲ್ಲಿ ಹೊಸಬರು ಸಾಮಾನ್ಯವಾಗಿ ಕೆಲಸಕ್ಕೆ ಸೇರುವುದು ಏಪ್ರಿಲ್‌ನಲ್ಲಿ. ಅಮೆರಿಕದಲ್ಲಿ ಪದವಿ ಸಿಗುವುದು ಹೆಚ್ಚಾಗಿ ಮೇ ತಿಂಗಳಲ್ಲಿ, ಅಂದರೆ ಆ ವರ್ಷದ ಏಪ್ರಿಲ್ ದಾಟಿದ ಮೇಲೆ; ಹಾಗಾಗಿ ಕೆಲಸದ ಹುಡುಕಾಟವನ್ನು ಮೊದಲೇ ಯೋಜಿಸಬೇಕು. ಜಪಾನಿ, ಇಂಗ್ಲಿಷ್ ಎರಡೂ ಬಲ್ಲವರಿಗೆಂದೇ ಬಾಸ್ಟನ್ನಿನಲ್ಲಿ ವರ್ಷವರ್ಷ ಉದ್ಯೋಗ ಮೇಳ ನಡೆಯುತ್ತದೆ. ಅದರ ತಾರೀಖನ್ನು ಮೊದಲ ಸೆಮಿಸ್ಟರಿನಲ್ಲೇ ಗುರುತು ಹಾಕಿಕೊಳ್ಳುವುದು ಒಳಿತು.