ಹೋಮ್ ನರ್ಸ್: ಸಂಬಳದ ಮಾತು ಮೊದಲ ದಿನವೇ ಆಗಲಿ

ಭದ್ರಾವತಿಯ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಲವರು ಈಗ ವೃದ್ಧರು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ. ಪಾರ್ಶ್ವವಾಯುವಾದ ತಂದೆಯನ್ನೋ ಸೊಂಟದ ಮೂಳೆ ಮುರಿದ ತಾಯಿಯನ್ನೋ ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಹೋಮ್ ನರ್ಸ್‌ಗಾಗಿ ಹುಡುಕಾಟ ಶುರುವಾಗುತ್ತದೆ.

ಹೆಸರು ಹೀಗಿದ್ದರೂ ಬರುವವರೆಲ್ಲ ತರಬೇತಾದ ನರ್ಸ್‌ಗಳಲ್ಲ. ಸ್ನಾನ, ಊಟ, ಮಲಮೂತ್ರದ ಶುಚಿತ್ವ, ವುಝೂಗೆ ನೆರವು, ಹಾಸಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವರ ಕೆಲಸ. ಇನ್ಸುಲಿನ್ ಚುಚ್ಚುವುದು, ಮೂತ್ರದ ನಳಿಕೆ ಬದಲಿಸುವುದನ್ನು ತರಬೇತಿ ಇಲ್ಲದವರಿಗೆ ವಹಿಸಬೇಡಿ. ಕೈಗವಸು, ಸೋಪು ನೀವೇ ತಂದಿಡಿ. ಕೊಟ್ಟ ಔಷಧಿ, ಹೊತ್ತು ಬರೆಯಲು ಒಂದು ನೋಟ್‌ಬುಕ್ ಇರಲಿ. ತಾಯಿಗೆ ಮಹಿಳೆ, ತಂದೆಗೆ ಪುರುಷ ಸಿಕ್ಕರೆ ಹಿರಿಯರ ಸಂಕೋಚವೂ ತಪ್ಪುತ್ತದೆ.

ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕಾದರೆ ಒಬ್ಬರಿಂದಲೇ ಹಗಲು ರಾತ್ರಿ ದುಡಿಸುವುದು ಆಗದ ಮಾತು. ನಿದ್ದೆಗೆಟ್ಟವರ ಕೈಯಲ್ಲಿ ಮಾತ್ರೆ ತಪ್ಪುತ್ತದೆ, ಎತ್ತುವಾಗ ರೋಗಿ ಜಾರುತ್ತಾರೆ. ರಾತ್ರಿಗೆ ಇನ್ನೊಬ್ಬರನ್ನು ಗೊತ್ತುಮಾಡಿ, ಇಲ್ಲವೇ ಮನೆಯವರೇ ಪಾಳಿ ಹಾಕಿಕೊಳ್ಳಿ. ಮನೆಯವರೆಲ್ಲರ ಅಡುಗೆ, ಬಟ್ಟೆ ಒಗೆಯುವುದು ಈ ಸಂಬಳದಲ್ಲಿ ಸೇರಿಲ್ಲ ಎಂಬುದನ್ನು ಸೊಸೆಯಂದಿರಿಗಿಂತ ಮೊದಲು ಗಂಡುಮಕ್ಕಳು ಅರಿತರೆ ಒಳ್ಳೆಯದು!

ಇನ್ನು ಸಂಬಳ. "ನೀನು ನಮ್ಮ ಮನೆಯವಳೇ, ದುಡ್ಡಿನ ಮಾತೇಕೆ" ಎನ್ನುವ ಮನೆಗಳಲ್ಲೇ ಬಾಕಿ ಹೆಚ್ಚು ಉಳಿಯುತ್ತದೆ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿಪಡಿಸಿತು. ದರ ಬದಲಾಗುತ್ತಿರುವುದರಿಂದ ಈಗಿನದನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಏಜೆನ್ಸಿ ಮೂಲಕ ಬಂದವರಾದರೆ ನೀವು ಕೊಡುವುದರಲ್ಲಿ ಅವರ ಕೈಗೆಷ್ಟು ಸೇರುತ್ತದೆಂದು ವಿಚಾರಿಸಿ. ಸಂಬಳ, ಸಮಯ, ವಾರದ ರಜೆ, ಕೆಲಸ ಬಿಡುವ ಮುನ್ನ ಎಷ್ಟು ದಿನ ಮೊದಲು ತಿಳಿಸಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ.

ರಮಝಾನ್‌ನಲ್ಲಿ ಕೊಟ್ಟ ಝಕಾತನ್ನು ಸಂಬಳದ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ಅದು ಸಲ್ಲದು. ಸಂಬಳ ನಿಮ್ಮ ಮೇಲಿನ ಸಾಲ, ಝಕಾತ್ ಬೇರೆಯೇ ಹಕ್ಕು. ಅರ್ಹರಿಗೆ ಕೊಡುವುದಾದರೆ ಪೂರ್ತಿ ಸಂಬಳ ಕೊಟ್ಟ ಮೇಲೆ ಪ್ರತ್ಯೇಕವಾಗಿ ಕೊಡಿ. ಹಬ್ಬದ ಬಟ್ಟೆ, ಉಳಿದ ಬಿರಿಯಾನಿಗೂ ಇದೇ ಮಾತು.

ಅಣ್ಣತಮ್ಮಂದಿರು ಖರ್ಚು ಹಂಚಿಕೊಂಡಿದ್ದರೆ, ತಿಂಗಳ ಮೊದಲ ದಿನ ಹಣ ಒಟ್ಟುಗೂಡಿಸಿ ಕೊಡುವ ಹೊಣೆ ಒಬ್ಬರ ಮೇಲಿರಲಿ. ವಾರದ ರಜೆಯ ದಿನ ತಂದೆತಾಯಿಯ ಬಳಿ ಯಾರಿರಬೇಕೆಂಬುದನ್ನೂ ಅಂದೇ ತೀರ್ಮಾನಿಸಿ.